ಬಿಸಿಲು ಕಾಣದ ಎಡಗೈ

ಮೊದಲು ತುರಿಕೆ ಶುರುವಾದದ್ದು ನಮ್ಮ ಯಜಮಾನರ ಕತ್ತಿನ ಹಿಂಭಾಗದಲ್ಲಿ. ನಾನು ಕಾಲರ್‌ನ ತಪ್ಪು ಅಂದುಕೊಂಡೆ.

ಹಾಗೆ ಅಂದುಕೊಳ್ಳಲು ಕಾರಣವಿತ್ತು. ಭದ್ರಾವತಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಷೀನ್ ಇಟ್ಟುಕೊಂಡಿರುವವಳು ನಾನು. ನಮ್ಮ ಯಜಮಾನರ ಅಂಗಿಗಳನ್ನೆಲ್ಲ ಹೊಲಿಯುವುದೂ ನಾನೇ. ಆ ಸಲ ಕಾಲರ್‌ಗೆ ಹೊಸದಾಗಿ ಸಿಕ್ಕ ಗಟ್ಟಿ ಕ್ಯಾನ್ವಾಸ್ ಹಾಕಿದ್ದೆ. ಅದನ್ನು ಬಿಚ್ಚಿ ಮೆತ್ತಗಿನದು ಹಾಕಿಕೊಟ್ಟೆ. ತುರಿಕೆ ನಿಲ್ಲಲಿಲ್ಲ. ಎರಡು ವಾರದೊಳಗೆ ಹಣೆಗೆ ಬಂತು, ಕೆನ್ನೆಗೆ ಬಂತು, ಬಲಗೈಗೆ ಬಂತು. ಚರ್ಮ ಮೊದಲು ಕೆಂಪಾಯಿತು, ಆಮೇಲೆ ಕಪ್ಪಾಗಿ ಒರಟಾಯಿತು. ಕಾಲರ್ ಹಣೆಯವರೆಗೆ ಬರುವುದಿಲ್ಲ ಎನ್ನುವಷ್ಟು ಬುದ್ಧಿ ನನಗೂ ಇತ್ತು.

ಆದ್ದರಿಂದ ಬದನೆಕಾಯಿಯ ಮೇಲೆ ಬಿದ್ದೆ.

ಬದನೆಕಾಯಿ ನಂಜು ಎಂದು ನಮ್ಮ ತಾಯಿ ಹೇಳಿದ್ದು, ಅವರಿಗೆ ಅವರ ತಾಯಿ ಹೇಳಿದ್ದು. ಎರಡು ತಿಂಗಳು ನಮ್ಮ ಮನೆಗೆ ಬದನೆಕಾಯಿ ಬರಲಿಲ್ಲ. ಕಡಲೆಬೇಳೆಯನ್ನೂ ನಿಲ್ಲಿಸಿದೆ. ಪಾಪ, ಇವರು ಸಪ್ಪೆ ಹೆಸರುಬೇಳೆ ಸಾರು ತಿಂದುಕೊಂಡು, ತುರಿಸಿಕೊಂಡು, ಭಾನುವಾರ ಬಂದರೆ ಮೈದಾನಕ್ಕೆ ಹೊರಟುಬಿಡುತ್ತಿದ್ದರು.

ಮೈದಾನದ ವಿಷಯ ಹೇಳಬೇಕು. ಇವರು ಕಾರ್ಖಾನೆಯ ಸ್ಟೋರ್ಸ್‌ನಲ್ಲಿದ್ದವರು. ವಿ.ಆರ್.ಎಸ್. ತೆಗೆದುಕೊಂಡ ಮೇಲೆ ಇವರ ಜೀವವೆಲ್ಲ ಭಾನುವಾರದ ಟೆನಿಸ್ ಬಾಲ್ ಕ್ರಿಕೆಟ್‌ನಲ್ಲಿತ್ತು. ಆಡುವುದಲ್ಲ, ಅಂಪೈರಿಂಗ್. ಕ್ವಾರ್ಟರ್ಸ್ ಮೈದಾನದಲ್ಲಿ ಬೆಳಿಗ್ಗೆ ಒಂಬತ್ತರಿಂದ ಸಂಜೆಯವರೆಗೆ ನಿಲ್ಲುತ್ತಿದ್ದರು. ಅದೂ ಬರಿತಲೆಯಲ್ಲಿ. ಒಂದು ಕಾಲದಲ್ಲಿ ಟೋಪಿ ಹಾಕುತ್ತಿದ್ದರು. ಹನ್ನೆರಡು ವರ್ಷದ ಹಿಂದೆ ಒಬ್ಬ ಬ್ಯಾಟ್ಸ್‌ಮನ್‌ಗೆ ರನ್‌ಔಟ್ ಕೊಟ್ಟಾಗ ಅವನು, "ಟೋಪಿ ಕಣ್ಣು ಮುಚ್ಚಿತ್ತು ಸರ್, ನೀವು ನೋಡೇ ಇಲ್ಲ" ಎಂದನಂತೆ. ಮನೆಗೆ ಬಂದು ಟೋಪಿಯನ್ನು ಗೂಟಕ್ಕೆ ಹಾಕಿದವರು ಮತ್ತೆ ಮುಟ್ಟಲಿಲ್ಲ. ಅಂಪೈರ್ ಕಣ್ಣು ಎಲ್ಲರಿಗೂ ಕಾಣಬೇಕು ಎನ್ನುವುದು ಅಂದಿನಿಂದ ಇವರ ವ್ರತವಾಯಿತು.

ಬದನೆಕಾಯಿ ಬಿಟ್ಟರೂ ಕಡಿಮೆಯಾಗದಿದ್ದಾಗ ನಾನು ಮೆಡಿಕಲ್ ಶಾಪಿನಿಂದ ಒಂದು ಕ್ರೀಮ್ ತಂದೆ. ನನ್ನ ಹತ್ತಿರ ಬ್ಲೌಸ್ ಹೊಲಿಸುವ ಒಬ್ಬರಿಗೆ ಅದರಿಂದ ಗುಣವಾಗಿತ್ತು. ಹಚ್ಚಿದ ಮೂರನೇ ದಿನಕ್ಕೆ ಮುಖ ತಿಳಿಯಾಯಿತು. ನಾನು ಬೀಗಿದೆ. ನಿಲ್ಲಿಸಿದ ವಾರಕ್ಕೆ ಮೊದಲಿನದಕ್ಕಿಂತ ಜೋರಾಗಿ ಬಂತು. ಮತ್ತೆ ಹಚ್ಚಿದೆ, ಮತ್ತೆ ಹೋಯಿತು, ಮತ್ತೆ ಬಂತು. ಹೀಗೆ ನಾಲ್ಕು ಟ್ಯೂಬ್ ಮುಗಿಯುವ ಹೊತ್ತಿಗೆ ಇವರ ಮುಖ ನನಗೇ ಗುರುತು ಹತ್ತದಂತೆ ಊದಿತ್ತು.

ಕೊನೆಗೆ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋದೆವು. ದುರ್ಗಿಗುಡಿಯಲ್ಲಿ ಚರ್ಮದ ಡಾಕ್ಟರ್ ಒಬ್ಬರಿದ್ದಾರೆ. ನನ್ನ ಮಗಳ ವಯಸ್ಸಿನವರು, ಮಾತು ಕಮ್ಮಿ. ಇವರ ಅಂಗಿ ಬಿಚ್ಚಿಸಿ ನೋಡಿದರು. ಬೆನ್ನು ಚೆನ್ನಾಗಿತ್ತು, ಎದೆ ಚೆನ್ನಾಗಿತ್ತು. ಆಮೇಲೆ ಎರಡೂ ಕೈ ಮುಂದೆ ಚಾಚಲು ಹೇಳಿದರು.

ಬಲಗೈ ಬೆರಳಿನಿಂದ ಮೊಣಕೈವರೆಗೆ ಕಪ್ಪಗೆ, ಒರಟಾಗಿತ್ತು. ಎಡಗೈ ಹಾಗಿರಲಿಲ್ಲ. ಹಸ್ತದಿಂದ ಮೇಲಕ್ಕೆ ಒಂದು ಗೇಣು ನಯವಾಗಿತ್ತು, ಮದುವೆಯ ದಿನ ನಾನು ಹಿಡಿದ ಕೈಯ ಹಾಗೆ. ದಿನಾ ನೋಡುವ ಕೈ. ನನಗೆ ಒಂದು ದಿನವೂ ಹೊಳೆದಿರಲಿಲ್ಲ.

"ಈ ಕೈಗೆ ಏನಾದ್ರೂ ಕಟ್ಕೊಳ್ತೀರಾ?" ಎಂದು ಡಾಕ್ಟರ್ ಕೇಳಿದರು.

"ಏನೂ ಇಲ್ಲ ಮೇಡಂ" ಎಂದರು ಇವರು.

ನನಗೆ ತಟ್ಟನೆ ನೆನಪಾಯಿತು. "ಟೋಪಿ ಇರುತ್ತೆ ಮೇಡಂ."

"ಕೈ ಮೇಲೆ ಟೋಪಿಯಾ? ಯಾರದು?"

"ಬೌಲರ್‌ಗಳದ್ದು. ಬೌಲಿಂಗ್ ಮಾಡೋಕೆ ಮುಂಚೆ ಇವರ ಕೈಗೆ ಕೊಡ್ತಾರೆ. ಇವರು ಎಡಗೈ ಮೇಲೆ ಒಂದರ ಮೇಲೊಂದು ಹಾಕ್ಕೊಂಡು ನಿಂತಿರ್ತಾರೆ."

"ನಿಮ್ಮ ಟೋಪಿ ಎಲ್ಲಿರುತ್ತೆ?" ಡಾಕ್ಟರ್ ಇವರನ್ನು ಕೇಳಿದರು.

ಗೂಟದಲ್ಲಿದೆ ಎಂದು ನಾನೇ ಹೇಳಬೇಕಾಯಿತು.

ಅಷ್ಟರಲ್ಲಿ ಡಾಕ್ಟರ್ ನಾನು ಚೀಲದಲ್ಲಿ ತಂದಿದ್ದ ಟ್ಯೂಬ್ ನೋಡಿದರು. ಇದನ್ನು ಯಾರು ಕೊಟ್ಟರು ಎಂದು ಕೇಳಿದರು. ನಾನೇ ಎಂದೆ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. ಇದರಲ್ಲಿ ಸ್ಟೆರಾಯ್ಡ್ ಇದೆ, ಕೇಳದೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಬಿಸಿಲಿಗೆ ಇನ್ನಷ್ಟು ಸೋಲುತ್ತದೆ ಎಂದಷ್ಟೇ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ. ಆಮೇಲೆ ಕತ್ತಿನ ಹಿಂದಿನ ಗಟ್ಟಿಯಾದ ಜಾಗವನ್ನು ಮತ್ತೊಮ್ಮೆ ಒತ್ತಿ ನೋಡಿ, ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸೋಣ ಎಂದರು.

ಬಯಾಪ್ಸಿ.

ಆ ಪದ ಬಿದ್ದ ಮೇಲೆ ಬೇರೇನೂ ನನ್ನ ಕಿವಿಗೆ ಹೋಗಲಿಲ್ಲ. ರಿಪೋರ್ಟ್ ಬರುವವರೆಗಿನ ಒಂದು ವಾರ ನಾನು ಹೊಲಿದ ಬಟ್ಟೆಗಳನ್ನೆಲ್ಲ ಆಮೇಲೆ ಬಿಚ್ಚಿ ಹೊಲಿಯಬೇಕಾಯಿತು. ಒಂದು ಬ್ಲೌಸಿಗೆ ಎರಡೂ ಎಡತೋಳೇ ಕೂಡಿಸಿದ್ದೆ. ಕ್ರೀಮ್ ನಿಲ್ಲಿಸಿದ್ದಕ್ಕೆ ಇವರ ಮುಖ ಮೊದಲಿಗಿಂತ ಉರಿಯುತ್ತಿತ್ತು. ತಣ್ಣೀರಿನ ಬಟ್ಟೆ ಇಡುವಾಗ ನನಗೆ ಅಳು ತಡೆಯಲಾಗಲಿಲ್ಲ. "ನಾನೇ ಹಚ್ಚಿ ಹಚ್ಚಿ ಹೀಗ್ ಮಾಡಿದೆ" ಎಂದೆ.

"ಬಿಡು ಮಾರಾಯ್ತಿ" ಎಂದರು ಇವರು. "ಬಿಸಿಲಲ್ಲಿ ನಿಂತವನು ನಾನು."

ರಿಪೋರ್ಟ್‌ನಲ್ಲಿ ಕ್ಯಾನ್ಸರ್ ಇರಲಿಲ್ಲ. ಫೋಟೋಡರ್ಮಟೈಟಿಸ್ ಎಂದು ಹೆಸರು ಹೇಳಿದರು. ಬಿಸಿಲಿಗೆ ಚರ್ಮ ಮುನಿಸಿಕೊಳ್ಳುವ ಕಾಯಿಲೆ. ಮಾತ್ರೆ ಕೊಟ್ಟರು, ಬೇರೆ ಮುಲಾಮು ಕೊಟ್ಟರು. ನಾಲ್ಕು ತಿಂಗಳು ಮೈದಾನ ಬೇಡ ಎಂದರು. ಆಮೇಲೂ ಹತ್ತರ ನಂತರ, ಮೂರೂವರೆಗೆ ಮುಂಚೆ ಬಿಸಿಲಿಗೆ ನಿಲ್ಲಬಾರದು. ತುಂಬುತೋಳು, ಸುತ್ತಲೂ ಅಂಚಿರುವ ಟೋಪಿ. ಮುಖ ಕತ್ತಿಗೆ ಎರಡು ಬೆರಳುದ್ದ ಸನ್‌ಸ್ಕ್ರೀನ್, ಎರಡು ಗಂಟೆಗೊಮ್ಮೆ ಮತ್ತೆ. ಬದನೆಕಾಯಿ ತಿನ್ನಬಹುದಾ ಎಂದು ಇವರು ಕೇಳಿದರು. ಡಾಕ್ಟರ್‌ಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅಲ್ಲಿಂದ ನೇರ ವಿದ್ಯಾನಗರದ ನನ್ನ ತಂಗಿಯ ಮನೆಗೆ ಹೋಗಿ ಇವರು ಎಣ್ಣೆಗಾಯಿಯ ಜೊತೆ ನಾಲ್ಕು ರೊಟ್ಟಿ ತಿಂದರು.

ಆ ಖುಷಿ ಭಾನುವಾರದವರೆಗೆ ಮಾತ್ರ ಇತ್ತು. ಮೈದಾನವಿಲ್ಲದ ಮನುಷ್ಯನನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಸಣ್ಣ ಕೆಲಸವಲ್ಲ. ಮಷೀನ್ ಪಕ್ಕ ಕುರ್ಚಿ ಹಾಕಿಕೊಂಡು ನನ್ನ ಹೊಲಿಗೆಗೂ ವೈಡ್ ಕೊಡತೊಡಗಿದರು. ಒಂದು ದಿನ ಗುಂಡಿ ಹಚ್ಚುತ್ತಾ ಕೂತವರು, "ಇನ್ನು ನನ್ನನ್ನ ಯಾರೂ ಕರೆಯಲ್ಲ ಅನ್ಸುತ್ತೆ ಕಮಲಾ" ಎಂದರು. ಅವತ್ತು ನಾನು ತಮಾಷೆ ಮಾಡಲಿಲ್ಲ.

ಟೋಪಿ ನಾನೇ ಹೊಲಿಯುತ್ತೇನೆ ಎಂದು ಹಟ ಹಿಡಿದೆ. ಇವರ ಅರ್ಧತೋಳಿನ ಬಿಳಿ ಅಂಪೈರ್ ಕೋಟನ್ನು ಕಿಟಕಿಗೆ ಹಿಡಿದು ನೋಡಿದರೆ ಆಚೆಯ ನುಗ್ಗೆಮರ ಕಾಣುತ್ತಿತ್ತು. ಮರ ಕಂಡರೆ ಬಿಸಿಲೂ ಬಂದಂತೆಯೇ. ಮನೆಯಲ್ಲಿದ್ದ ಬಟ್ಟೆಗಳನ್ನೆಲ್ಲ ಹಾಗೇ ಹಿಡಿದು ನೋಡಿ, ಕೊನೆಗೆ ಯೂನಿಫಾರ್ಮ್ ಹೊಲಿಯುವ ದಪ್ಪ ಡ್ರಿಲ್ ಬಟ್ಟೆ ಆರಿಸಿದೆ. ಅದರಲ್ಲೇ ಎತ್ತರದ ಕಾಲರಿನ ತುಂಬುತೋಳಿನ ಕೋಟು, ಅದರಲ್ಲೇ ಟೋಪಿ. ಕೋಟನ್ನು ಸುಮ್ಮನೆ ಹಾಕಿಕೊಂಡರು. ಟೋಪಿಗೆ ಮಾತ್ರ ಅದೇ ಹಳೇ ರಾಗ, ಕಣ್ಣು ಕಾಣಲ್ಲ.

ಆಗ ನಾನು ಇವರನ್ನು ನಮ್ಮ ಓಣಿಯ ನೆರಳಲ್ಲಿ ನಿಲ್ಲಿಸಿ, ಪಿಚ್ಚಿನ ಉದ್ದದಷ್ಟು ಹೆಜ್ಜೆ ಹಾಕಿ, ಬ್ಯಾಟ್ಸ್‌ಮನ್ ಜಾಗದಲ್ಲಿ ನಿಂತೆ.

"ಕಣ್ಣು ಕಾಣ್ತಾ?" ಎಂದು ಇವರು ಅಲ್ಲಿಂದಲೇ ಕೂಗಿದರು.

"ಇಲ್ಲ."

ಅಂಚಿಗೆ ಚಾಕ್‌ಪೀಸಿನಿಂದ ಗುರುತು ಹಾಕಿ, ಮುಂದುಗಡೆ ಸ್ವಲ್ಪ ಮೇಲಕ್ಕೆ ಮಡಚಿ ಮತ್ತೆ ಹೊಲಿದೆ. ಮತ್ತೆ ಓಣಿಗೆ ಹೋದೆವು. ಮೂರನೇ ಸಲಕ್ಕೆ ಸರಿಯಾಯಿತು.

"ಈಗ ಕಾಣ್ತಾ?"

"ಕಾಣ್ತಿದೆ. ಸಿಟ್ಟೂ ಕಾಣ್ತಿದೆ" ಎಂದೆ.

ನಾಲ್ಕು ತಿಂಗಳು ಮುಗಿಯುವ ಹೊತ್ತಿಗೆ ಮುಖ ತಿಳಿಯಾಗಿತ್ತು. ಆ ವಾರವೇ ಸಾದಿಕ್ ಮನೆಗೆ ಬಂದ. ಬೈಕ್ ಮೆಕ್ಯಾನಿಕ್. ಭಾನುವಾರದ ಮ್ಯಾಚುಗಳನ್ನು ನಡೆಸುವವನು, ಅವರಲ್ಲಿ ಒಳ್ಳೆಯ ಬೌಲರ್ ಕೂಡ.

"ಸರ್, ನೀವಿಲ್ದೆ ಒಂದು ಮ್ಯಾಚೂ ನೆಟ್ಟಗೆ ಮುಗಿದಿಲ್ಲ. ಎರಡೂ ಕಡೆ ಎಲ್ಲರೂ ಅಂಪೈರೇ. ಯಾವಾಗ ಬರ್ತೀರಾ?"

ಇವರು ಹತ್ತು ಗಂಟೆಯ ವಿಷಯ ಹೇಳಿದರು. ಹೇಳುವಾಗ ಧ್ವನಿ ಸಣ್ಣದಾಗಿತ್ತು.

"ಅಷ್ಟೇನಾ?" ಎಂದ ಸಾದಿಕ್. "ಬೆಳಿಗ್ಗೆ ಆರೂವರೆಗೆ ಒಂದು ಮ್ಯಾಚ್, ಮೂರೂವರೆ ಮೇಲೆ ಒಂದು. ನಮ್ಮ ಹುಡುಗ್ರು ಬೇಗ ಏಳ್ಲಿ. ಬಿಸಿಲು ನಮಗೇನು ನೆಂಟ್ರಾ ಸರ್?"

ಹೋದ ಭಾನುವಾರ ನಾನೂ ಮೈದಾನಕ್ಕೆ ಹೋಗಿದ್ದೆ. ಹೊಸ ಟೋಪಿ ನೋಡಿ ಕೆಲವರು ನಕ್ಕರು. ಇವರ ಮುಖ ಬಿಗಿಯಾಯಿತು. ಸಾದಿಕ್ ಬೌಲಿಂಗ್‌ಗೆ ಬಂದು ತನ್ನ ಟೋಪಿ ಕೊಟ್ಟ, ಅದು ಎಂದಿನಂತೆ ಎಡಗೈ ಮೇಲೆ ಕೂತಿತು. ಮೂರನೇ ಓವರಿನಲ್ಲಿ ರನ್‌ಔಟ್‌ಗೆ ಅಪೀಲ್ ಆಯಿತು. ಕೂದಲೆಳೆಯ ಅಂತರ. ಮೈದಾನವೆಲ್ಲ ಇವರ ಕಡೆ ತಿರುಗಿತು. ನಾನು ಉಸಿರು ಹಿಡಿದು ಕೂತೆ, ಏಕೆಂದರೆ ಈಗ ಯಾರಾದರೂ ಟೋಪಿಯ ಮಾತೆತ್ತಿದರೆ ಇವರು ಅದನ್ನು ಅಲ್ಲೇ ಬಿಸಾಡಿ ಬರುತ್ತಾರೆ ಎಂದು ನನಗೆ ಗೊತ್ತಿತ್ತು.

ಇವರು ಬಲಗೈ ಬೆರಳೆತ್ತಿದರು. ಔಟ್.

ಬ್ಯಾಟ್ಸ್‌ಮನ್ ಒಂದು ಕ್ಷಣ ಇವರ ಮುಖ ನೋಡಿದ. ಬ್ಯಾಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನಡೆದುಬಿಟ್ಟ.

ಎಂಟೂವರೆಗೆ ಡ್ರಿಂಕ್ಸ್ ಬ್ರೇಕ್. ನಾನು ಸನ್‌ಸ್ಕ್ರೀನ್ ಹಿಡಿದು ಪಿಚ್‌ವರೆಗೆ ನಡೆದುಹೋದೆ. ಇವರು ನಾಚಿ ಅತ್ತಿತ್ತ ನೋಡಿದರು, ಆದರೂ ಬೆರಳು ಚಾಚಿದರು. ಪಕ್ಕದಲ್ಲಿದ್ದ ಸಾದಿಕ್ ಕೂಡ ಕೈ ಒಡ್ಡಿ, "ಅಮ್ಮ, ನನಗೂ ಎರಡು ಬೆರಳು" ಎಂದ. ಇಬ್ಬರಿಗೂ ಹಾಕಿದೆ.

ಕಾಯಿಲೆ ಪೂರ್ತಿ ಹೋಗಿದೆ ಎಂದು ಡಾಕ್ಟರ್ ಹೇಳಿಲ್ಲ, ನಾನೂ ಹೇಳುವುದಿಲ್ಲ. ಬೇಸಿಗೆ ಇನ್ನೂ ಇದೆ, ಮಾತ್ರೆ ಇನ್ನೂ ಅರ್ಧ ನಡೆಯುತ್ತಿದೆ. ಅವತ್ತು ಮನೆಗೆ ಬಂದ ಮೇಲೆ ಇವರ ಎರಡೂ ಕೈ ಜೋಡಿಸಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಬಟ್ಟೆಯ ಬಣ್ಣಕ್ಕೆ ದಾರದ ಬಣ್ಣ ಹೊಂದಿಸಿ ಪಳಗಿದ ಕಣ್ಣು ನನ್ನದು. ಬಲಗೈ ಎಡಗೈಗಿಂತ ಇನ್ನೂ ಒಂದು ಶೇಡ್ ಕಪ್ಪು. ಹೋದ ವರ್ಷ ಮೂರು ಶೇಡ್ ಇತ್ತು. ಇಷ್ಟು ಹೊಂದಿದರೆ ಅಂಗಿ ಹೊಲಿಯಬಹುದು.