ಬಾಗಿನದ ಟೇಬಲ್ಲು

ಕಾಲೇಜಿನಲ್ಲಿ ಡೇಟಾಬೇಸ್ ಪಾಠ ಹೇಳುವವರಿಗೆ ಕಂಡದ್ದನ್ನೆಲ್ಲ ಟೇಬಲ್ಲಿಗೆ ಹಾಕುವ ಚಟವಿರುತ್ತದೆ. ನನ್ನ ಚಟ ಗೌರಿ ಹಬ್ಬದವರೆಗೂ ಹೋಯಿತು.

ನಾವು ಮೂವರು ಅಣ್ಣತಮ್ಮಂದಿರು ಇರುವುದು ಶಿವಮೊಗ್ಗದಲ್ಲಿ. ಮದುವೆಯಾಗಿ ಹೋದ ಅಕ್ಕತಂಗಿಯರು ನಾಲ್ವರು. ಹಬ್ಬಕ್ಕೆ ಮುಂಚೆ ತವರಿನ ಬಾಗಿನ ಎಲ್ಲರಿಗೂ ಮುಟ್ಟಬೇಕು. ಆದರೆ ಕುಂಸಿಯ ತಂಗಿಗೆ ಇಬ್ಬಿಬ್ಬರು ಹೋಗಿ ಮೊರ ಕೊಟ್ಟು ಬರುವುದು, ಇನ್ನೊಬ್ಬಳಿಗೆ ಯಾರೂ ಹೋಗದಿರುವುದು ನಮ್ಮಲ್ಲಿ ಮಾಮೂಲು. ಇದಕ್ಕೊಂದು ಶಿಸ್ತು ತರಲು ಹೊರಟ ನಾನು ಅಣ್ಣತಮ್ಮಂದಿರದೊಂದು ಟೇಬಲ್, ಅಕ್ಕತಂಗಿಯರದೊಂದು ಟೇಬಲ್ ಮಾಡಿ, ಯಾರು ಯಾರ ಮನೆಗೆ ಎಂದು ಜೋಡಿಸಲು ನಡುವೆ ಮೂರನೆಯದನ್ನಿಟ್ಟೆ. ಅದರ ಒಂದೊಂದು ಸಾಲನ್ನೂ ಗುರುತಿಸಲು ಕೀ ಬೇಕಲ್ಲ? ಕೊಡುವವನು, ತೆಗೆದುಕೊಳ್ಳುವವಳು, ಇಬ್ಬರ ಹೆಸರೂ ಸೇರಿದರೆ ಅದೇ ಕೀ. ಒಮ್ಮೆ ಬಂದ ಕೀ ಟೇಬಲ್ಲಿನಲ್ಲಿ ಮತ್ತೆ ಬರುವಂತಿಲ್ಲ. ಪಕ್ಕದಲ್ಲಿ ವರ್ಷವನ್ನೂ ಬರೆದೆ, ಕೀಯೊಳಗೆ ಮಾತ್ರ ಸೇರಿಸಲಿಲ್ಲ. ಎಷ್ಟು ಚೊಕ್ಕ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಆ ವರ್ಷ ಎಲ್ಲರಿಗೂ ಬಾಗಿನ ಮುಟ್ಟಿತು. ನಾನು ಭದ್ರಾವತಿಯ ಸಾವಿತ್ರಕ್ಕನ ಮನೆಯಲ್ಲಿ ಹೋಳಿಗೆ ತಿಂದು ಬಂದೆ.

ಮರುವರ್ಷ ಶ್ರಾವಣದಲ್ಲೇ ಪಟ್ಟಿಗೆ ಕೂತೆ. ಅಣ್ಣನೂ ತಮ್ಮನೂ ಮನೆಗಳನ್ನು ಅದಲುಬದಲು ಮಾಡಿಕೊಂಡಿದ್ದರು. ನನಗೆ ಸಾವಿತ್ರಕ್ಕನ ಮನೆಯೇ ಇರಲಿ ಎಂದು ಹೆಸರು ಹಾಕಿದರೆ ಕಂಪ್ಯೂಟರ್ 'ಈ ಜೋಡಿ ಆಗಲೇ ಇದೆ' ಎಂದಿತು. ಓಹೋ, ಆಗಲೇ ಹಾಕಿದ್ದೇನೆ ಎಂದುಕೊಂಡು ಕಾಫಿಗೆ ಎದ್ದೆ. ನೆನಪಿಡುವ ಕೆಲಸ ಪಟ್ಟಿಗೆ ಒಪ್ಪಿಸಿದ ಮೇಲೆ ತಲೆ ಆರಾಮಾಗಿ ಮರೆತುಬಿಟ್ಟಿತು. ಹಬ್ಬ ಹತ್ತಿರ ಬಂದಾಗ ಹೆಂಡತಿ, "ಭದ್ರಾವತಿಗೆ ಯಾರ್ರೀ ಹೋಗೋದು?" ಎಂದಳು. ಆ ವರ್ಷದ ಪಟ್ಟಿಯಲ್ಲಿ ನನ್ನ ಹೆಸರೇ ಇರಲಿಲ್ಲ. "ಅಣ್ಣ ಹೋಗಿರ್ತಾನೆ ಬಿಡು" ಎಂದೆ, ಬಹಳ ತಿಳಿದವನ ಹಾಗೆ.

ಹಬ್ಬದ ಹಿಂದಿನ ದಿನ ಅಕ್ಕನ ಫೋನು ಬಂತು. "ಏನೋ, ಈ ಸಲ ತವರಿನ ಮೊರ ಇಲ್ವೇನೋ ನಂಗೆ? ಬೆಳಗ್ಗೆಯಿಂದ ಬಾಗಿಲಿಗೆ ಬಂದು ಬಂದು ನೋಡ್ತಿದೀನಿ." ಪಟ್ಟಿ ತೆಗೆದು ನೋಡಿದರೆ ನಮ್ಮಿಬ್ಬರ ಜೋಡಿ ಇದ್ದದ್ದು ಹೋದ ವರ್ಷದ ಸಾಲಿನಲ್ಲಿ. ಹೋದ ವರ್ಷ ಕೊಟ್ಟಾಗಿದೆ ಎಂದು ಕಂಪ್ಯೂಟರ್ ತಿಳಿದುಕೊಂಡಿತು ಎಂದು ತೊದಲಿದೆ.

"ಹೋದ ವರ್ಷ ಊಟ ಮಾಡಿದೀಯಲ್ಲ ಮಾರಾಯ, ಈ ವರ್ಷ ಬಿಟ್ಬಿಡು."

ಗಾಂಧಿ ಬಜಾರಿಗೆ ಓಡಿ ಜೋಡಿ ಮೊರ, ಬಳೆ, ಅರಿಶಿನ ಕುಂಕುಮ ಕೊಂಡು ಭದ್ರಾವತಿಯ ಬಸ್ಸು ಹತ್ತಿದೆ. ಅಕ್ಕ ಮೊರವನ್ನು ಕಣ್ಣಿಗೊತ್ತಿಕೊಂಡಳು. ಸುಮ್ಮನಿರಬಾರದೇ ನಾನು? ಇನ್ನು ಮೇಲೆ ಕೀಗೆ ವರ್ಷವನ್ನೂ ಸೇರಿಸುತ್ತೇನೆ, ಆಗ ಒಂದು ಜೋಡಿ ವರ್ಷಕ್ಕೊಂದು ಸಲ ಬರಬಹುದು, ಎರಡನೆಯ ಸಲ ಬಂದರೆ ಕಂಪ್ಯೂಟರ್ ಬೇಡ ಅನ್ನುತ್ತದೆ ಎಂದು ಅಲ್ಲೂ ಪಾಠ ಶುರು ಮಾಡಿದೆ.

"ಎರಡನೇ ಸಲ ಬಂದ್ರೆ ನಾನು ಬೇಡ ಅಂತೀನೇನೋ?" ಎಂದಳು ಅಕ್ಕ.

ಈಗ ಪ್ರತಿ ಸಾಲಿಗೂ ಅದರದೇ ಒಂದು ಸಂಖ್ಯೆ ಕೊಟ್ಟಿದ್ದೇನೆ. ಆ ಸಂಖ್ಯೆಯೇ ಕೀ. ಯಾವ ಜೋಡಿ ಎಷ್ಟು ಸಲ ಬಂದರೂ ಕಂಪ್ಯೂಟರ್ ಚಕಾರವೆತ್ತುವುದಿಲ್ಲ. ಇದನ್ನು ತರಗತಿಯಲ್ಲಿ ಹೇಳಿದಾಗ ಮುಂದಿನ ಬೆಂಚಿನ ಹುಡುಗಿ, "ಸರ್, ಆಗ ಡೂಪ್ಲಿಕೇಟ್ ಬರಲ್ವಾ?" ಎಂದಳು.

ಬರುತ್ತದೆ ಎಂದೆ. ಹೋದ ತಿಂಗಳು ಯಾವ ಹಬ್ಬವೂ ಇಲ್ಲದೆ ಭದ್ರಾವತಿಯದೊಂದು ಬಂದಿದೆ. ಅಕ್ಕ ಹೋಳಿಗೆ ಮಾಡಿದ್ದಳು.