ಮೇಲ್ವಿಚಾರಕರ ಹೆಸರು: ಉಸ್ತಾದ

ನಮ್ಮ ಕಚೇರಿಗೆ ಮಂದಿ ಬರುವುದು ಎರಡೇ ಕಾರಣಕ್ಕೆ. ಪರ್ಮಿಟ್ ಬೇಕಾಗಿ, ಇಲ್ಲವೇ ಪಕ್ಕದ ಕಚೇರಿ ಎಂದು ತಪ್ಪು ತಿಳಿದು. ಯಾದಗಿರಿಯಲ್ಲಿ ವೈರ್‌ಮನ್‌ಗಳ ಅರ್ಜಿ ನೋಡಿ, ಅನುಭವ ಪತ್ರ ತಾಳೆ ಹಾಕಿ, ಪರೀಕ್ಷೆಗೆ ಕೂಡಿಸಿ ಪರ್ಮಿಟ್ ಕೊಡುವ ಎರಡು ಕೋಣೆಯ ಕಚೇರಿ ಅದು. ನಾನು ಅಲ್ಲಿಗೆ ಗುಮಾಸ್ತನಾಗಿ ಸೇರಿದವನು, ಅಲ್ಲೇ ತಲೆ ನರೆಸಿಕೊಂಡವನು. ಕೊಂಕಲ್‌ನ ನಮ್ಮ ಮನೆತನದಿಂದ ನನ್ನ ಪಾಲಿಗೆ ಬಂದದ್ದು ಸಿಟ್ಟೊಂದೇ. ಫಾರ್ಮು ತಪ್ಪು ತುಂಬಿದವರ ಮೇಲೆ ಅದನ್ನು ಧಾರಾಳವಾಗಿ ಬಳಸಿದ್ದೇನೆ. ಇದು ನಾನೇ ತಪ್ಪು ತುಂಬಿದ ಫಾರ್ಮಿನ ಕಥೆ.

ಸಮುದ್ರದಾಚೆಯ ಒಂದು ದೇಶ ನಮ್ಮ ಕಡೆಯ ಪರ್ಮಿಟ್ಟನ್ನು ತನ್ನ ಪರ್ಮಿಟ್ಟಿನ ಸಮ ಎಂದು ಒಪ್ಪಿಕೊಳ್ಳಲು ಶುರು ಮಾಡಿತ್ತು. ಒಂದೇ ಶರತ್ತು. ಅರ್ಜಿದಾರ ಎಲ್ಲಿ ಕಲಿತ, ಯಾರ ಕೈಕೆಳಗೆ ಕಲಿತ ಎಂಬುದನ್ನು ನಮ್ಮ ಕಚೇರಿ ಬರೆದು ದೃಢಪಡಿಸಬೇಕು. ಅದರ ಜೊತೆಗೆ ನಮ್ಮಂಥವರಿಗೆ ತರಬೇತಿಯೂ ಬಂತು. ನಾನಾ ದೇಶಗಳಲ್ಲಿ ಪರ್ಮಿಟ್ ಕೊಡುವವರೆಲ್ಲ ತಿಂಗಳಿಗೊಮ್ಮೆ ಕಂಪ್ಯೂಟರಿನಲ್ಲಿ ಕೂಡುವುದು, ಒಬ್ಬರ ಪದ್ಧತಿ ಒಬ್ಬರು ಕಲಿಯುವುದು. ಆದೇಶ ಓದಿದ ನಮ್ಮ ಮೇಲಧಿಕಾರಿ ಅದನ್ನು ನನ್ನ ಟೇಬಲ್ಲಿಗೆ ಸರಿಸಿದರು.

"ಫಾರಿನ್ ಮಂದಿ ಜೋಡಿ ಮೀಟಿಂಗ್ ಅದ ಅಂತ್ರಿ. ನಿಮಗ ಇಂಗ್ಲಿಷ್ ಓದಾಕ ಬರ್ತದ. ನೀವ ಕೂಡ್ರಿ."

ಸುಳ್ಳೇಕೆ, ನನಗೆ ಹೆಮ್ಮೆಯಾಯಿತು. ಹೆಂಡತಿಗೂ ಹೇಳಿದೆ, ಷರಟಿಗೆ ಇಸ್ತ್ರಿ ಹಾಕಿಸಿದೆ.

ಸುರಪುರದ ವೈರ್‌ಮನ್ ನನ್ನ ಬಳಿ ಬಂದದ್ದು ಆ ದಿನಗಳಲ್ಲೇ. ನಲವತ್ತರ ಹತ್ತಿರದ ಮನುಷ್ಯ, ಅವನ ಪರ್ಮಿಟ್ ನಮ್ಮ ಕಚೇರಿಯದೇ. ಆ ದೇಶದಲ್ಲಿ ಆಸ್ಪತ್ರೆ ಕಟ್ಟುತ್ತಿದ್ದ ಕಂಪನಿಯೊಂದು ಅವನಿಗೆ ವೈರ್‌ಮನ್ ಹುದ್ದೆ ತೆಗೆದಿರಿಸಿತ್ತು. ಪರ್ಮಿಟ್ ಒಪ್ಪಿಗೆಯಾಗದಿದ್ದರೆ ಹೆಲ್ಪರ್ ಆಗಿ ಬಾ ಎಂದಿತ್ತು.

"ಹೆಲ್ಪರ್ ಆಗಿ ಹೋಗಾಂಗಿಲ್ರಿ ಸಾಹೇಬ್ರ," ಎಂದ. "ಇಷ್ಟು ವರ್ಷ ಕೆಲಸ ಮಾಡಿ, ಅಲ್ಲಿ ಹೋಗಿ ಮತ್ತೊಬ್ಬರ ಕೈಗಿ ಸ್ಕ್ರೂ ಡ್ರೈವರ್ ಕೊಡ್ಲೇನ್ರಿ? ಹೋದ್ರ ವೈರ್‌ಮನ್ ಅಂತ ಹೋಗ್ತೀನಿ. ಇಲ್ಲಾಂದ್ರ ಇಲ್ಲ."

ಫಾರ್ಮು ಇಂಗ್ಲಿಷಿನಲ್ಲಿತ್ತು. ಅವನು ಹೇಳುತ್ತ ಹೋದ, ನಾನು ಟೈಪು ಮಾಡುತ್ತ ಹೋದೆ. ಮೇಲ್ವಿಚಾರಕರ ಹೆಸರು ಎಂಬ ಕಾಲಂ ಬಂತು. "ಯಾರ ಕೈಯಾಗ ಕಲ್ತೀಪಾ?" ಎಂದೆ.

"ಉಸ್ತಾದ್ರ ಕೈಯಾಗ್ರಿ."

ನಾನು ದಪ್ಪ ಅಕ್ಷರದಲ್ಲಿ 'ಉಸ್ತಾದ' ಎಂದು ಟೈಪು ಮಾಡಿ ಮುಂದಿನ ಕಾಲಮ್ಮಿಗೆ ಹೋದೆ. ನಮ್ಮ ಕಡೆ ಕೈಕೆಲಸ ಕಲಿಸಿದವರೆಲ್ಲ ಉಸ್ತಾದರೇ. ಲಾರಿ ರಿಪೇರಿಯವರಿರಲಿ, ಹೊಲಿಗೆಯವರಿರಲಿ, ಜಾತಿ ಯಾವುದೇ ಇರಲಿ, ಅವರ ಹೆಸರು ಹಿಡಿದು ಶಿಷ್ಯನಾದವನು ಮಾತಾಡುವುದಿಲ್ಲ. ಹಾಗಾಗಿ ಅದು ಹೆಸರಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ. ಅದೇ ವಾರ ಶಹಾಪುರದ ಇಬ್ಬರು ಬಂದರು, ಯಾದಗಿರಿಯವನೊಬ್ಬ ಬಂದ. ಎಲ್ಲರ ಫಾರ್ಮಿನಲ್ಲೂ ಅದನ್ನೇ ತುಂಬಿದೆ. ಮುದ್ರೆ ಒತ್ತಿ ಕಳಿಸಿದೆ.

ತರಬೇತಿಯ ನಾಲ್ಕನೆಯ ಸಭೆಯ ವಿಷಯ, ಖೋಟಾ ದಾಖಲೆ ಹಿಡಿಯುವುದು ಹೇಗೆ ಎಂಬುದು. ಪಾಠ ಹೇಳುತ್ತಿದ್ದವರು ಆ ದೇಶದ ಒಬ್ಬ ಹೆಂಗಸು, ನನ್ನಷ್ಟೇ ವಯಸ್ಸಿನವರು, ಸಮಾಧಾನದ ಮಾತು. ಬೇರೆ ಬೇರೆ ಅರ್ಜಿಗಳಲ್ಲಿ ಒಂದೇ ಮೇಲ್ವಿಚಾರಕನ ಹೆಸರು ಬಂದರೆ ಎಚ್ಚರವಾಗಿರಿ ಎಂದರು. ನಾನು ನೋಟ್‌ಬುಕ್ಕಿನಲ್ಲಿ ಅದನ್ನು ಬರೆದುಕೊಂಡು ಕೆಳಗೆ ಗೆರೆ ಎಳೆದೆ. ಆಮೇಲೆ ಅವರು ಪರದೆಯ ಮೇಲೆ ಉದಾಹರಣೆ ತೋರಿಸಿದರು. ನಾಲ್ಕು ಫಾರ್ಮು. ಅರ್ಜಿದಾರರ ಹೆಸರು, ಊರು, ಕಚೇರಿ ಎಲ್ಲಕ್ಕೂ ಕಪ್ಪು ಬಳಿದಿತ್ತು. ಒಂದು ಕಾಲಂ ಮಾತ್ರ ಬಿಟ್ಟಿದ್ದರು. ಉಸ್ತಾದ, ಉಸ್ತಾದ, ಉಸ್ತಾದ, ಉಸ್ತಾದ.

ಈ ಒಬ್ಬ ಮನುಷ್ಯ ಒಂದೇ ಕಾಲಕ್ಕೆ ಮೂರು ಊರುಗಳಲ್ಲಿ ನಾಲ್ಕು ಜನರಿಗೆ ಕೆಲಸ ಕಲಿಸಿದ್ದಾನೆ, ಇವನು ಬಹುಶಃ ಇಲ್ಲವೇ ಇಲ್ಲ ಎಂದರು ಆಕೆ. ಯಾರೋ ಮೆಲ್ಲಗೆ ನಕ್ಕರು. ಅಷ್ಟು ದೇಶಗಳ ಮುಂದೆ ನನ್ನ ಫಾರ್ಮು ಹರಡಿ ಕೂತಿತ್ತು, ಅದು ನನ್ನದೆಂದು ಅಲ್ಲಿದ್ದವರಲ್ಲಿ ಆಕೆಗೂ ನನಗೂ ಮಾತ್ರ ಗೊತ್ತಿತ್ತು. ಕೈ ಎತ್ತಿದೆ. ನನಗೆ ಬರುವ ಇಂಗ್ಲಿಷೆಲ್ಲ ಕೂಡಿಸಿ, ಅದು ಹೆಸರಲ್ಲ, ಗುರು ಎಂಬ ಮರ್ಯಾದೆಯ ಮಾತು, ಅವರು ನಾಲ್ಕು ಬೇರೆ ಬೇರೆ ಜನ ಎಂದೆ. ಆಕೆ ಗೇಲಿ ಮಾಡಲಿಲ್ಲ. ಬಹಳ ಒಳ್ಳೆಯ ವಿಷಯ ಕಲಿತೆವು ಎಂದು ವಂದಿಸಿ, ಹಾಗಾದರೆ ಅವರ ಹೆಸರುಗಳೇನು ಎಂದು ಕೇಳಿದರು.

ನನಗೆ ಒಂದೂ ಗೊತ್ತಿರಲಿಲ್ಲ.

ಆರು ವಾರದ ಗಡುವು ಸಿಕ್ಕಿತು. ಹೆಸರು ಮತ್ತು ಅವರವರ ಪರ್ಮಿಟ್ ನಂಬರು ಕಳಿಸಬೇಕು. ಶಹಾಪುರದ, ಯಾದಗಿರಿಯ ಉಸ್ತಾದರು ಬದುಕಿದ್ದರು, ಪರ್ಮಿಟ್ ಇದ್ದವರು. ಅವರ ಕೆಲಸ ಫೋನಿನಲ್ಲೇ ಮುಗಿಯಿತು. ಉಳಿದದ್ದು ಸುರಪುರದ್ದು. "ನಿಮ್ಮ ಉಸ್ತಾದ್ರ ಹೆಸರು ಹೇಳಪಾ" ಎಂದರೆ ಅವನು ಫೋನಿನಲ್ಲಿ ತಡವರಿಸಿದ. "ಹೆಸರು ಗೊತ್ತಿಲ್ರಿ ಸಾಹೇಬ್ರ. ಕೇಳಾಕ ಧೈರ್ಯ ಎಲ್ಲಿತ್ರಿ? ಅವರು ಹೋಗಿ ಆರು ವರ್ಷ ಆತು."

ರವಿವಾರ ಶಹಾಪುರದ ಮೇಲೆ ಹಾಯ್ದು ಸುರಪುರಕ್ಕೆ ಹೋದೆ. ಬಸ್ ಸ್ಟ್ಯಾಂಡಿನಲ್ಲಿ ಅವನು ಕಾಯುತ್ತಿದ್ದ. ಉಸ್ತಾದರ ಮನೆ ಬಂಡೆಗಳ ನಡುವಿನ ಏರು ಓಣಿಯಲ್ಲಿತ್ತು. ದಾರಿಯುದ್ದಕ್ಕೂ ಅವನು ಮನೆಗಳನ್ನು ತೋರಿಸುತ್ತ ನಡೆದ. ಇದರ ವೈರಿಂಗ್ ಉಸ್ತಾದರದು, ಅದರದೂ ಉಸ್ತಾದರದು, ಕೊಡೇಕಲ್ ಕಡೆ ಇಡೀ ಓಣಿಗಳೇ ಅವರವು, ಒಂದು ಮನೆಯಲ್ಲೂ ಇಂದಿನವರೆಗೆ ಕಿಡಿ ಹಾರಿಲ್ಲ ಎಂದ. ಮನೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗಿದ್ದ ಅವರ ಹೆಂಡತಿಯ ಕಾಲಿಗೆ ಬಿದ್ದ. ನಾನು ಬಂದ ಕಾರಣ ಹೇಳಿದೆ.

"ಅವರ ಹೆಸರು ಏನ್ರಿ ಯವ್ವಾ?"

ಆಕೆ ಸೆರಗು ಸರಿಮಾಡಿಕೊಂಡರು. "ಅವರಿದ್ದಾಗ ಮದಿವ್ಯಾಗ, ಕುಬಸದಾಗ ಒಡಪು ಹಾಕಿ ಹೇಳತಿದ್ನೆಪ್ಪ. ಈಗ ಬಾಯಿಂದ ಹ್ಯಾಂಗ ಬರ್ತದ?" ಎಂದರು. ಒಡಪಿನ ಪದ್ಯದೊಳಗೆ ಹೆಣೆದಲ್ಲದೆ ಗಂಡನ ಹೆಸರು ಹೇಳದ ಹೆಂಗಸರನ್ನು ನಾನೇನು ಕಾಣದವನಲ್ಲ, ನನ್ನ ತಾಯಿಯೂ ಹೇಳುತ್ತಿರಲಿಲ್ಲ. ಆದರೆ ಆ ಹೊತ್ತಿಗೆ ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಶಿಷ್ಯ ಹೆಸರು ಹೇಳುವುದಿಲ್ಲ, ಹೆಂಡತಿ ಹೇಳುವುದಿಲ್ಲ, ಊರು ಉಸ್ತಾದ ಎಂದೇ ಕರೆದಿದೆ. ಕೊನೆಗೆ ಆಕೆಯೇ ಒಳಗೆ ಹೋಗಿ ಟ್ರಂಕು ತೆರೆದು, ಪುರಸಭೆಯವರು ಕೊಟ್ಟ ಮರಣ ಪತ್ರ ತಂದು ಹೆಸರಿನ ಮೇಲೆ ಬೆರಳಿಟ್ಟರು.

ವೈರ್‌ಮನ್ ಬಗ್ಗಿ ಅದನ್ನು ಓದಿದ. ತುಟಿ ಅಲ್ಲಾಡಿತು, ಸದ್ದು ಬರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ ನಕ್ಕ. "ಛಲೋ ಹೆಸರು ಅದ ನೋಡ್ರಿ ಸಾಹೇಬ್ರ. ಆತಲ್ರಿ, ಇನ್ನ ಕೆಲಸ ಆತಲ್ರಿ?"

"ಆತು" ಎಂದೆ.

ಆಗಲಿಲ್ಲ. ಸೋಮವಾರ ರಿಜಿಸ್ಟರು ತೆಗೆದೆ. ಆ ಹೆಸರು ಇರಲಿಲ್ಲ. ನಾವು ಬೇರೆ ಜಿಲ್ಲೆಯಾಗುವ ಮೊದಲಿನ ಹಳೆಯ ರಿಜಿಸ್ಟರುಗಳು ಕಲಬುರಗಿಯಲ್ಲಿದ್ದವು. ಅಲ್ಲಿನ ಗುಮಾಸ್ತರಿಗೆ ಫೋನು ಮಾಡಿ, ಬೇಡಿಕೊಂಡು ಎರಡೆರಡು ಸಲ ಹುಡುಕಿಸಿದೆ. "ಇಲ್ರಿ, ಆ ಹೆಸರಿನವರು ಯಾರೂ ಪರ್ಮಿಟ್ ತೊಗೊಂಡಿಲ್ಲ" ಎಂದರು. ಅರ್ಧ ಸುರಪುರಕ್ಕೆ ಬೆಳಕು ಕೊಟ್ಟ ಉಸ್ತಾದರು ಬದುಕಿಡೀ ಪರ್ಮಿಟ್ ಇಲ್ಲದೆ ಕೆಲಸ ಮಾಡಿದ್ದರು.

ಆಮೇಲೆ ವೈರ್‌ಮನ್‌ನ ಹಳೆಯ ಕಡತ ತೆಗೆದೆ. ಅವನು ನಮ್ಮಲ್ಲಿ ಪರ್ಮಿಟ್ಟಿಗೆ ಅರ್ಜಿ ಹಾಕಿದಾಗ ಕೊಟ್ಟ ಅನುಭವ ಪತ್ರ ಅದರಲ್ಲಿತ್ತು. ಬಿಳಿ ಹಾಳೆಯ ಮೇಲೆ ನಾಲ್ಕು ಸಾಲು, ಕೆಳಗೆ ಓದಲಾಗದ ಒಂದು ಸಹಿ, ನಂಬರು ಇಲ್ಲ. ಅಂಚಿನಲ್ಲಿ ಹಸಿರು ಮಸಿಯಲ್ಲಿ ಬರೆದಿತ್ತು, 'ಅನುಭವ ಸರಿ ಇದೆ'. ಬರಹ ನನ್ನದು. ಹೊಸದಾಗಿ ಕಚೇರಿಗೆ ಸೇರಿದ್ದ ಕಾಲ, ಕೆಲಸ ಬಲ್ಲವನು ಎಂದು ಕಂಡಿರಬೇಕು, ಯಾರ ಸಹಿ ಎಂದು ಕೇಳದೆ ಬರೆದುಬಿಟ್ಟಿದ್ದೆ.

ಅತ್ತ ದರಿ, ಇತ್ತ ಪುಲಿ. ಹೆಸರು ಕಳಿಸಿದರೆ ನಂಬರು ಕೇಳುತ್ತಾರೆ. ಪರ್ಮಿಟ್ ಇಲ್ಲದವರ ಕೈಕೆಳಗೆ ಕಲಿತದ್ದು ನಿಯಮದ ಪ್ರಕಾರ ಅನುಭವವೇ ಅಲ್ಲ. ನಂಬರು ಇಲ್ಲ ಎಂದರೆ ಅಲ್ಲಿಯ ಅರ್ಜಿ ಹೋಯಿತು, ಅಷ್ಟಕ್ಕೇ ನಿಲ್ಲುವುದೂ ಇಲ್ಲ. ಒಪ್ಪಂದದ ಪ್ರಕಾರ ಅವರು ನಮ್ಮ ಮೇಲಿನವರಿಗೆ ಬರೆಯಬೇಕು, ಮೇಲಿನವರು ಇಲ್ಲಿಯ ಪರ್ಮಿಟ್ಟನ್ನೇ ರದ್ದು ಮಾಡಬೇಕು. ಅವನೊಬ್ಬನದಲ್ಲ, ಆ ಉಸ್ತಾದರ ಕೈಯಲ್ಲಿ ಕಲಿತು ಪರ್ಮಿಟ್ ಪಡೆದ ಎಲ್ಲರದೂ. ಮುಂದಿನ ತರಬೇತಿಯಲ್ಲಿ ಆ ಹೆಂಗಸು, ನಮ್ಮ ಕೆಲಸ ಅರ್ಜಿದಾರನನ್ನು ಕಾಯುವುದಲ್ಲ, ಅವನು ವೈರು ಜೋಡಿಸುವ ಮನೆಯಲ್ಲಿ ಮಲಗುವವರನ್ನು ಕಾಯುವುದು ಎಂದರು. ತಪ್ಪು ಮಾತೇನಲ್ಲ. ನಾನೂ ಹಾಗೆ ಹೇಳಿ ಎಷ್ಟೋ ಜನರನ್ನು ಹೊರಗೆ ಕಳಿಸಿದ್ದೇನೆ. ಕಿಡಿ ಹಾರದ ಮನೆಗಳನ್ನು ಬರೆಯಲು ಫಾರ್ಮಿನಲ್ಲಿ ಕಾಲಂ ಇಲ್ಲ.

ನಾನು ಏನೂ ಬರೆಯಲಿಲ್ಲ. ಗಡುವು ಹತ್ತಿರ ಬಂತು, ನೆನಪೋಲೆ ಬಂತು, ಗಡುವು ದಾಟಿತು. ಅವನ ಪರ್ಮಿಟ್ ಉಳಿಯಲಿ ಎಂದು ಸುಮ್ಮನಾದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಹಸಿರು ಮಸಿಯ ಆ ಮೂರು ಪದಗಳ ಭಯವೂ ಇತ್ತು. ಎರಡರಲ್ಲಿ ಯಾವುದು ಹೆಚ್ಚು ತೂಗಿತೆಂದು ಈಗಲೂ ಗೊತ್ತಿಲ್ಲ, ಅದಕ್ಕೇ ನಾಚಿಕೆ.

ಅವನು ಮತ್ತೆ ಕಚೇರಿಗೆ ಬಂದದ್ದು ಕೈಯಲ್ಲಿ ಆ ದೇಶದ ಪತ್ರ ಹಿಡಿದು. ಕೂಡು ಎಂದರೂ ಕೂಡಲಿಲ್ಲ. ಯಾರ ಹತ್ತಿರವೋ ಓದಿಸಿಕೊಂಡು ಬಂದಿದ್ದ. ಸ್ಥಳೀಯ ಕಚೇರಿ ಉತ್ತರ ಕೊಡದ ಕಾರಣ ಅರ್ಜಿ ಮುಕ್ತಾಯಗೊಳಿಸಿದೆ ಎಂದಿತ್ತು.

"ನೀವ ಬರೀಲಿಲ್ಲೇನ್ರಿ ಸಾಹೇಬ್ರ?"

"ಬರೀಲಿಲ್ಲಪಾ."

"ಹೆಸರು ಸಿಕ್ಕಿತ್ತಲ್ರಿ. ನಿಮ್ಮ ಕಣ್ಣ ಮುಂದ ಸಿಕ್ಕಿತ್ತು."

"ಸಿಕ್ಕಿತ್ತು. ನಿಮ್ಮ ಉಸ್ತಾದ್ರು..." ಎಂದು ಶುರು ಮಾಡಿದೆ. ಆ ಮಾತು ಕೇಳಿದ್ದೇ ಅವನು ನೆಟ್ಟಗೆ ನಿಂತ, ಕೈ ತಾನಾಗಿ ಎದೆಯ ಮೇಲೆ ಹೋಯಿತು. ಅವರಿಗೆ ಪರ್ಮಿಟ್ ಇರಲಿಲ್ಲ ಎಂಬ ಮಾತನ್ನು ಆ ಮುಖಕ್ಕೆ ಹೇಳುವುದು ನನ್ನಿಂದಾಗಲಿಲ್ಲ.

ಅವನು ಪತ್ರದ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟ. ಸ್ಥಳೀಯ ಕಚೇರಿಯಿಂದ ಅನ್ಯಾಯವಾಗಿದೆ ಎನಿಸಿದರೆ ದೂರು ಕೊಡಬಹುದು, ಜೊತೆಗಿನ ಫಾರ್ಮು ತುಂಬಬೇಕು ಎಂದಿತ್ತು. ಫಾರ್ಮನ್ನೂ ತಂದಿದ್ದ. ದೂರು ಹೋದರೆ ಮೊದಲು ತೆರೆಯುವುದು ಅವನದೇ ಕಡತ, ಮೊದಲು ಬೀಳುವುದು ಅವನದೇ ಪರ್ಮಿಟ್.

"ಬ್ಯಾಡಪಾ," ಎಂದೆ. "ನಿನ್ನ ಒಳ್ಳೇದಕ್ಕ ಹೇಳಾಕತ್ತೇನಿ. ದೂರು ಕೊಡಬ್ಯಾಡ."

"ಅಂಜಿದ್ರೇನ್ರಿ?" ಎಂದ. ಕುಹಕವಿರಲಿಲ್ಲ, ನಿಜವಾಗಿ ಕೇಳಿದ.

ಅವನು ನನ್ನ ಟೇಬಲ್ಲಿನ ಮೇಲೇ ಫಾರ್ಮು ಹರಡಿದ, ಜೇಬಿನಿಂದ ಪೆನ್ನು ತೆಗೆದ. ಅಧಿಕಾರಿಯ ಹೆಸರು ಎಂಬ ಕಾಲಂ ಹುಡುಕಿ ಅಲ್ಲಿ ಪೆನ್ನಿನ ತುದಿ ಇಟ್ಟ.

"ನಿಮ್ಮ ಹೆಸರು ಹೇಳ್ರಿ."

ಹೇಳಿದೆ. ಅವನಿಗೆ ಇಂಗ್ಲಿಷ್ ಅಕ್ಷರ ಅಷ್ಟಾಗಿ ಬರುತ್ತಿರಲಿಲ್ಲ. ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ, ಅವನು ಒಂದೊಂದೇ ಬರೆದ. ಒಂದು ಅಕ್ಷರ ತಪ್ಪಿದಾಗ ನಾನೇ ತಿದ್ದಿಸಿದೆ.