ಮಹೇಶ್ವರಿ ಅಕ್ಕ ಹೇಳದ ಹೆಸರು

ಪಕ್ಕದ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳಕ್ಕೆ ನನಗೆ ಎಚ್ಚರವಾಗುತ್ತಿದ್ದ ವರ್ಷಗಳವು. ಪೂರ್ತಿ ಎಚ್ಚರವೂ ಅಲ್ಲ. ನಸುಕಿನ ಮಬ್ಬಿನಲ್ಲಿ ಆ ಪಟಪಟ ಸಪ್ಪಳ ಗೋಡೆ ದಾಟಿ ಬಂದು ನನ್ನ ಕನಸಿನೊಳಗೇ ಕೂತುಬಿಡುತ್ತಿತ್ತು. ಒಂದು ದಿನ ಅದು ಮಳೆಯಾಗುತ್ತಿತ್ತು, ಇನ್ನೊಂದು ದಿನ ಟಾಂಗಾ ಕುದುರೆಯಾಗಿ ಎಲ್ಲಿಗೋ ಕರೆದೊಯ್ಯುತ್ತಿತ್ತು. ರೊಟ್ಟಿ ಬಡಿಯುತ್ತಿದ್ದವಳು ಮಹೇಶ್ವರಿ ಅಕ್ಕ. ಇಳಕಲ್ಲಿನ ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿಕೊಡುವುದು ಅವಳ ಉದ್ಯೋಗ. ಆದರೆ ಅಷ್ಟು ನಸುಕಿನಲ್ಲಿ ಯಾವ ಖಾನಾವಳಿಯೂ ಬಾಗಿಲು ತೆರೆಯುವುದಿಲ್ಲ. ಆ ಸಪ್ಪಳ ಅವಳ ಗಂಡನಿಗೆ ಎಂದು ನನಗೆ ತಿಳಿದದ್ದು ಬಹಳ ತಡವಾಗಿ.

ಗಂಡ ಅಮರೇಶ ಗ್ರಾನೈಟ್ ಕೆಲಸದವನು. ನಮ್ಮೂರಿನ ಕೆಂಪು ಕಲ್ಲನ್ನು ಕೊಯ್ದು, ಉಜ್ಜಿ, ನೋಡಿದವರ ಮುಖ ಕಾಣುವಂತೆ ಹೊಳಪು ಕೊಡುತ್ತಿದ್ದ. ಆ ಕೈಗುಣವೇ ಅವನನ್ನು ನ್ಯೂಜಿಲೆಂಡಿಗೆ ಎಳೆದುಕೊಂಡು ಹೋಯಿತು. ಅಲ್ಲಿನವರ ಅಡುಗೆಮನೆಗಳಿಗೆ ಕಲ್ಲಿನ ಕಟ್ಟೆ ಕೂರಿಸುವ ಕೆಲಸ. ಇಲ್ಲಿ ಕೋಳಿ ಕೂಗುವಾಗ ಅಲ್ಲಿ ಮಧ್ಯಾಹ್ನದ ಊಟ. ಡಬ್ಬಿ ಬಿಚ್ಚಿದೊಡನೆ ಅವನು ಫೋನು ಹಚ್ಚುತ್ತಿದ್ದ. ಇವಳು ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿಟ್ಟು ಬಡಿಯಲು ಕೂರುತ್ತಿದ್ದಳು. ಮಾತಿಲ್ಲ ಕತೆಯಿಲ್ಲ. ಅವನು ಅಲ್ಲಿ ಬ್ರೆಡ್ಡು ಅಗಿಯುತ್ತ ಇಲ್ಲಿಯ ರೊಟ್ಟಿಯ ಸಪ್ಪಳ ಕೇಳುತ್ತಿದ್ದ. ಊಟ ಮುಗಿದರೆ ಫೋನಿಡುತ್ತಿದ್ದ. ಹೀಗೆ ವರ್ಷಗಟ್ಟಲೆ ನಡೆಯಿತು. ಅವರಿಗೆ ಮಕ್ಕಳಾಗಿರಲಿಲ್ಲ. ಆ ಸಪ್ಪಳವೇ ಅವರ ಸಂಸಾರ.

ನನ್ನದು ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಆನ್‌ಲೈನ್ ಸೆಂಟರ್. ಆಧಾರ್, ಪಾಸ್‌ಪೋರ್ಟ್, ವೀಸಾ ಎಲ್ಲ ತುಂಬಿಕೊಡುತ್ತೇನೆ. ನಾನು ಹುಬ್ಬಳ್ಳಿಯ ಆಚೆ ಹೋದವನಲ್ಲ, ಆದರೂ ಮಂದಿಯನ್ನು ದುಬೈಗೂ ಮಸ್ಕತ್ತಿಗೂ ದಾಟಿಸುವವನು ನಾನೇ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ಹಾಗೆ ಹೇಳಿದವರು ಹೆಂಡತಿಯ ವೀಸಾ ಅರ್ಜಿ ತುಂಬಿರಲಿಕ್ಕಿಲ್ಲ.

ಅಮರೇಶಣ್ಣನಿಗೆ ಅಲ್ಲಿ ನೆಲೆಸುವ ಹಕ್ಕು ಸಿಕ್ಕ ಸುದ್ದಿ ಬಂದಾಗ ಅಕ್ಕ ಅಂಗಡಿಗೆ ಬಂದು, ಇದೆಲ್ಲ ಏನು ನವೀದ, ಬಿಡಿಸಿ ಹೇಳು ಅಂದಳು. ನಾನು ಗತ್ತಿನಿಂದ ಹೇಳಿದೆ: ಕೆಲಸದ ವೀಸಾ ಎಂದರೆ ಪಡಸಾಲೆಯಲ್ಲಿ ನಿಂತವನಿದ್ದಂತೆ, ಕರೆದ ಧಣಿ ಹೋಗೆಂದರೆ ಹೋಗಬೇಕು. ರೆಸಿಡೆನ್ಸಿ ಎಂದರೆ ಒಳಗೆ ಕರೆದು ಚಾಪೆ ಹಾಸಿದಂತೆ. ಪರ್ಮನೆಂಟ್ ರೆಸಿಡೆನ್ಸಿ ಎಂದರೆ ಆ ಚಾಪೆಯನ್ನು ಇನ್ನು ಯಾರೂ ಸುತ್ತಿಡುವುದಿಲ್ಲ, ಊರಿಗೆ ಬಂದುಹೋದರೂ ಅದು ಹಾಗೇ ಹಾಸಿರುತ್ತದೆ. ಚಾಪೆ ಸಿಕ್ಕವನು ಹೆಂಡತಿಯನ್ನು ಕರೆಸಿಕೊಳ್ಳಬಹುದು. ಆದರೆ ನೀವು ಖರೆ ಗಂಡಹೆಂಡತಿ ಎಂದು ಅವರಿಗೆ ನಂಬಿಕೆ ಬರಬೇಕು. ಕಾಗದದ ಮದುವೆ ಮಾಡಿಕೊಂಡು ಹೋಗುವವರು ಇದ್ದಾರೆ, ಅದಕ್ಕೇ ಅಷ್ಟು ತಪಾಸಣೆ.

ಅವಳು ಅರ್ಧ ಕೇಳಿದಳು, ಅರ್ಧ ಕಿಟಕಿಯಾಚೆ ನೋಡಿದಳು. ಅವಳು ಹಾಗೆಯೇ, ಕೂತಲ್ಲೇ ಎಲ್ಲಿಗೋ ಹೋಗಿಬಿಡುವವಳು. ಅವಳ ತವರು ಹಳೇ ಬಾಗಲಕೋಟೆ. ಹುಟ್ಟಿದ ಓಣಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ, ಮನೆಯವರೆಲ್ಲ ನವನಗರಕ್ಕೆ ಬಂದವರು. ಅವಳಿಗೆ ಒಂದೇ ಕನಸು ಮತ್ತೆ ಮತ್ತೆ ಬೀಳುತ್ತಿತ್ತಂತೆ: ನೀರೊಳಗಿನ ಆ ಓಣಿಯಲ್ಲಿ ನಡೆಯುತ್ತಿದ್ದಾಳೆ, ಮೀನುಗಳು ಬಾಗಿಲು ಬಾಗಿಲಿಗೆ ನಿಂತು ಊಟ ಆಯ್ತೇನು ಎಂದು ಕೇಳುತ್ತವೆ, ಓಣಿಯ ಕೊನೆಯ ಮನೆಯ ಬಾಗಿಲು ತಳ್ಳಿದರೆ ಒಳಗೆ ಗಂಡ ಕಲ್ಲು ಉಜ್ಜುತ್ತಿದ್ದಾನೆ. ವಿಮಾನಗಿಮಾನ ಏನೂ ಇಲ್ಲ. ನ್ಯೂಜಿಲೆಂಡಿಗೆ ಹೋಗುವ ದಾರಿ ಅವಳ ಪಾಲಿಗೆ ತವರಿನ ಓಣಿಯಲ್ಲೇ ಇತ್ತು.

ಅರ್ಜಿ ಹೋಯಿತು. ಮದುವೆಯ ಸರ್ಟಿಫಿಕೇಟು, ಫೋಟೋ, ಫೋನಿನ ಲೆಕ್ಕ ಎಲ್ಲ ಲಗತ್ತಿಸಿದೆ. ಕೆಲವು ತಿಂಗಳಾದ ಮೇಲೆ ಅಲ್ಲಿನ ಆಫೀಸಿನಿಂದ ಫೋನು ಬರುತ್ತದೆಂದು ತಿಳಿಸಿದರು. ಒಬ್ಬಳೇ ಮಾತಾಡಲು ಅಂಜಿಕೆಯೆಂದು ಅಕ್ಕ ನನ್ನ ಅಂಗಡಿಯಲ್ಲೇ ಕೂತಳು. ನಾನು ನಡುವೆ ಬಾಯಿ ಹಾಕಕೂಡದೆಂದು ಅವರು ಮೊದಲೇ ಹೇಳಿದ್ದರಿಂದ ಬಾಗಿಲ ಬಳಿ ಸ್ಟೂಲು ಹಾಕಿಕೊಂಡೆ. ಫೋನು ಸ್ಪೀಕರಿನಲ್ಲಿತ್ತು. ಆ ಕಡೆ ಒಬ್ಬ ಅಧಿಕಾರಿ, ಮಾತು ತಿಳಿಸಲು ಮೈಸೂರು ಕಡೆಯ ಕನ್ನಡದ ಒಬ್ಬ ಹೆಣ್ಣುಮಗಳು. ಮೊದಲ ಪ್ರಶ್ನೆಯೇ, ನಿಮ್ಮ ಯಜಮಾನರ ಹೆಸರೇನು?

ಅಕ್ಕ ಸೆರಗು ಸರಿಮಾಡಿಕೊಂಡಳು. ಆಕೆ ಮತ್ತೆ ಕೇಳಿದಳು.

"ಗೊತ್ತೈತ್ರಿ," ಅಂದಳು ಅಕ್ಕ. "ಆದ್ರ ನಾ ಹೇಳಂಗಿಲ್ರಿ."

ದಿನಾ ಅಷ್ಟು ಹೊತ್ತು ಫೋನಿನಲ್ಲಿ ಏನು ಮಾತಾಡುತ್ತೀರಿ ಎಂದು ಮುಂದಿನ ಪ್ರಶ್ನೆ. ಏನೂ ಇಲ್ರಿ, ಅಂದಳು. ಖರೆ ಹೇಳುವುದೆಂದರೆ ಇಷ್ಟು ಕೆಟ್ಟದಾಗಿ ಕೇಳುತ್ತದೆಂದು ನನಗೆ ಅಂದೇ ಗೊತ್ತಾದದ್ದು.

ಅಂಜಿದಂತೆಯೇ ಪತ್ರ ಬಂತು. ಗಂಡನ ಹೆಸರು ಹೇಳಲಾಗದ, ಗಂಡನೊಡನೆ ಆಡಲು ಮಾತಿಲ್ಲದ ಈಕೆಯ ದಾಂಪತ್ಯ ನಿಜವೆಂದು ನಂಬಲು ಕಷ್ಟವಾಗಿದೆ, ಏನಾದರೂ ಹೇಳುವುದಿದ್ದರೆ ಹೇಳಿ ಎಂದು ಆಫೀಸಿನವರು ತಿಳಿಸಿದರು. ನ್ಯಾಯವಾಗಿಯೇ ಬರೆದಿದ್ದರು. ಇದೊಂದು ಅವಕಾಶ, ಇದು ತಪ್ಪಿದರೆ ಅರ್ಜಿ ಬಿದ್ದುಹೋಗುತ್ತದೆ ಎಂದು ನಾನು ಅಕ್ಕನಿಗೆ ಹೇಳಿದೆ.

ನಮ್ಮ ಕಡೆ ಗಂಡನ ಹೆಸರನ್ನು ಹೆಂಡತಿ ನೇರ ಹೇಳುವುದಿಲ್ಲ. ಮದುವೆ, ಸೀಮಂತದಲ್ಲಿ ಹೆಂಗಸರು ಅಡ್ಡಗಟ್ಟಿ ಕೇಳಿದರೆ ಪದ ಕಟ್ಟಿ, ಒಡಪಿನೊಳಗೆ ಆ ಹೆಸರನ್ನು ಇಟ್ಟು ಹೇಳುತ್ತಾರೆ. ಹೆಸರು ತೆಗೆದರೆ ಗಂಡನ ಆಯುಷ್ಯ ಸವೆಯುತ್ತದೆಂಬ ನಂಬಿಕೆ. ಈಗಿನ ಹುಡುಗಿಯರು ಗಂಡನ ಹೆಸರನ್ನು ಕೂಗಿ ಕೂಗಿ ಸವೆಸುತ್ತಾರೆ, ಏನೂ ಆಗುವುದಿಲ್ಲ. ಮಹೇಶ್ವರಿ ಅಕ್ಕನೂ ಹೊಸದರಲ್ಲಿ ಹಾಗೇ ಇದ್ದಳಂತೆ. ಒಂದು ಬೆಳಗ್ಗೆ ಗೆಳತಿಯರು ಪಂಥ ಕಟ್ಟಿದ್ದಕ್ಕೆ ಮಾಳಿಗೆಯ ಮೇಲೆ ನಿಂತು, ಸೈಕಲ್ ಏರಿ ಹೊರಟಿದ್ದ ಗಂಡನನ್ನು ಹೆಸರು ಹಿಡಿದು ಕೂಗಿದಳು. ಓಣಿಯೆಲ್ಲ ನಕ್ಕಿತು. ಅವನು ನಾಚಿಕೊಂಡು, ತಿರುಗಿ ನೋಡದೆ ಪೆಡಲು ತುಳಿದ. ಅದೇ ದಿನ ಕಲ್ಲು ಕೊಯ್ಯುವ ಯಂತ್ರ ಅವನ ಎಡಗೈಯ ಎರಡು ಬೆರಳು ತಿಂದಿತು. ಅಂದಿನಿಂದ ಅವಳ ಬಾಯಲ್ಲಿ ಆ ಹೆಸರಿಲ್ಲ.

ಇದನ್ನು ಅವಳು ಹೇಳಿದ್ದು ನನಗಲ್ಲ, ನಮ್ಮಮ್ಮ ಕಾಸಿಂಬಿಗೆ. ನಮ್ಮ ಹಿತ್ತಲಿನ ಬೇವಿನ ಗಿಡದ ಕೆಳಗೆ ಅಪ್ಪ ಮಲಗುತ್ತಿದ್ದ ಹುರಿ ಹೊರಸು ಈಗಲೂ ಇದೆ. ಅದರ ಅಂಚಿಗೆ ಇಬ್ಬರೂ ಕೂತಿದ್ದರು. ಅಮರೇಶಣ್ಣ ಫೋನಿನಲ್ಲಿ, ಹೇಳು, ಏನೂ ಆಗುವುದಿಲ್ಲ ಎಂದು ಎಷ್ಟೋ ಸಲ ಹೇಳಿದ್ದನಂತೆ. ಬೆರಳು ಹೋದವನು ನಕ್ಕರೆ ಭಯ ಹೋಗುತ್ತದೆಯೇ? ವೀಸಾ ಬೇಡ ಅಮ್ಮಾ, ಅವರು ಅಲ್ಲಿ ಸುಖವಾಗಿದ್ದರೆ ಸಾಕು ಅಂದುಬಿಟ್ಟಳು ಅಕ್ಕ. ಅಮ್ಮ ಬಹಳ ಹೊತ್ತು ಹೊರಸಿನ ಹುರಿಯನ್ನು ಎಳೆದು ಎಳೆದು ನೋಡಿದಳು.

"ನಮ್ಮನಿಯವರ ಹೆಸರು ನಾ ಒಂದು ಸಲಾನೂ ತಗೀಲಿಲ್ಲ," ಅಂದಳು. "ಜ್ವಾಕಿ ಮಾಡಿ ಇಟ್ಟಿದ್ದೆ. ಆದ್ರೂ ಹೋದ್ರು. ಮೊದಲ ಗೊತ್ತಿದ್ದಿದ್ರ ಬಾಯಿ ತುಂಬ ಕರೀತಿದ್ದೆ ನೋಡವ್ವಾ."

ಅಕ್ಕ ಹೂಂ ಅಂದ ಮೇಲೆ ನಾನು ಆಫೀಸಿಗೆ ಉತ್ತರ ಬರೆದೆ. ಒಡಪಿನ ಪದ್ಧತಿ ವಿವರಿಸಿದೆ. ಮಾತಿಲ್ಲದ ಫೋನಿನ ಪುರಾವೆಯೆಂದು ಒಂದು ನಸುಕಿನ ಕರೆಯನ್ನು ಪೂರ್ತಿ ರೆಕಾರ್ಡ್ ಮಾಡಿ ಕಳಿಸಿದೆ. ಅದರಲ್ಲಿ ಇದ್ದದ್ದು ಇಷ್ಟೇ: ರೊಟ್ಟಿ ಬಡಿಯುವ ಸಪ್ಪಳ, ಅಗಿಯುವ ಸಪ್ಪಳ, ನಡುವೆ ಒಮ್ಮೆ ಅವನ ಕೆಮ್ಮು, ಅದಕ್ಕೆ ಇವಳ ಬಡಿತ ಅರೆಗಳಿಗೆ ನಿಂತು ಮತ್ತೆ ಶುರುವಾದದ್ದು. ಸಮುದ್ರದಾಚೆ ಯಾರೋ ಒಬ್ಬರು ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ನಮ್ಮ ಓಣಿಯ ನಸುಕನ್ನು ಕೇಳುತ್ತಿರುವುದನ್ನು ನೆನೆದರೆ ನನಗೆ ಈಗಲೂ ಮೈ ಹಗುರಾಗುತ್ತದೆ.

ಎರಡನೆಯ ಫೋನು ಬಂತು. ಅದೇ ಪ್ರಶ್ನೆ. ಅಕ್ಕ ಕಣ್ಣು ಮುಚ್ಚಿಕೊಂಡು, ಸೀಮಂತದ ಮನೆಯಲ್ಲಿ ಕೂತವಳ ಹಾಗೆ ರಾಗವಾಗಿ ಹೇಳಿದಳು:

"ಇಳಕಲ್ಲ ಗುಡ್ಡದಾಗ ಕೆಂಪು ಕಲ್ಲಿನ ಖಣಿ,
ಹುನಗುಂದದ ಹೊಲದಾಗ ಬಿಳಿಜ್ವಾಳದ ತೆನಿ,
ಏಳು ಸಮುದ್ರದಾಚಿ ಯಾ ಊರಾದ್ರೂ ಇರಲಿ,
ಅಮರೇಶರು ಇದ್ದಲ್ಲೇ ನನ್ನ ಮನಿ."

ಆ ಕಡೆ ಇಂಗ್ಲಿಷಿನಲ್ಲಿ ಏನೋ ಗುಸುಗುಸು. ಆ ಹೆಣ್ಣುಮಗಳು ಮೆತ್ತಗೆ, ಪದ ಚೆನ್ನಾಗಿದೆ ಅಂತಾರಮ್ಮ, ಆದರೆ ದಾಖಲೆಗೆ ಬರೀ ಹೆಸರು ಬೇಕಂತೆ, ನಿಮ್ಮ ಯಜಮಾನರು ಯಾರು ಅಂತ ಒಂದೇ ಮಾತಿನಲ್ಲಿ ಹೇಳಿ ಅಂದಳು.

ಅಕ್ಕ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ಹೇಳು ಎನ್ನಲು ನಾನು ಯಾರು? ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಅವಳು ಹೇಳಿದಳು.

"ಅಮರೇಶ."

ಅಷ್ಟೇ. ಫೋನು ಮುಗಿಯಿತು. ಅವಳು ಎದ್ದು ಮನೆಗೆ ಹೋದಳು.

ಮರುದಿನ ನಸುಕಿನಲ್ಲಿ ನನಗೆ ಎಚ್ಚರವಾದದ್ದು ಸಪ್ಪಳ ಇಲ್ಲದ್ದಕ್ಕೆ. ಅಮ್ಮ ಆಗಲೇ ಗೋಡೆಯಾಚೆ ಹೋಗಿದ್ದಳು. ನಾನೂ ಹೋಗಿ ಬಾಗಿಲಲ್ಲಿ ನಿಂತೆ. ಹಿಟ್ಟು ಕಲಸಿಟ್ಟಿತ್ತು, ಹಂಚು ಕಾಯ್ದು ಕೆಂಪಾಗಿತ್ತು, ಫೋನು ಡಬ್ಬಿಗೆ ಆನಿಸಿಯೇ ಇತ್ತು. ಗಂಡನ ಊಟದ ಹೊತ್ತು ಮೀರಿತ್ತು. ಇವಳೇ ಫೋನು ಹಚ್ಚಿದರೂ ಸಿಗುತ್ತಿರಲಿಲ್ಲ. ಅಕ್ಕ ಅಳಲಿಲ್ಲ, ಗೋಡೆಗೆ ಒರಗಿ ತನ್ನ ಎಡಗೈ ಬೆರಳುಗಳನ್ನು ಒಂದೊಂದಾಗಿ ಹಿಡಿದುಕೊಳ್ಳುತ್ತಿದ್ದಳು. ಅಮ್ಮ ಒಲೆಯ ಉರಿ ತಗ್ಗಿಸಿದಳು. ಹೊರಗೆ ಬೆಳಕು ಹರಿದು ಹಾಲಿನವನೂ ಬಂದುಹೋದ. ಆಗ ಫೋನು ಗುಂಯ್‌ಗುಟ್ಟಿತು.

ಗುಡ್ಡದ ಮೇಲಿನ ಯಾವುದೋ ಮನೆಗೆ ಕಟ್ಟೆ ಕೂರಿಸಲು ಹೋಗಿದ್ದನಂತೆ, ಅಲ್ಲಿ ರೇಂಜ್ ಇರಲಿಲ್ಲವಂತೆ. ಹಿಂದಿನ ದಿನದ ಸುದ್ದಿಯನ್ನು ನಾನು ಅವನಿಗೆ ಮೊದಲೇ ಮೆಸೇಜು ಮಾಡಿದ್ದೆ. ಅವನ ದನಿಯ ಹಿಂದೆ ಅಲ್ಲಿಯ ಗಾಳಿ ಕೇಳುತ್ತಿತ್ತು.

"ಹೇಳಿದಿಯಂತಲ್ಲ," ಅಂದ. "ಆಫೀಸರ್ ಕೇಳ್ಯಾನ, ಆ ಹೆಣ್ಮಗಳು ಕೇಳ್ಯಾಳ, ನವೀದ ಕೇಳ್ಯಾನ. ನಾ ಒಬ್ಬನ ಕೇಳಿಲ್ಲ ನೋಡು."

ಅಕ್ಕ ಹಿಟ್ಟಿಗೆ ಕೈ ಹಚ್ಚಿದಳು. "ಅಲ್ಲಿಗೆ ಬಂದು ಹೇಳ್ತೇನಿ," ಅಂದು ಬಡಿಯಲು ಶುರು ಮಾಡಿದಳು.

ವೀಸಾ ಬಂತು. ಓಣಿಯವರೆಲ್ಲ ಬಂದು ಉಡಿ ತುಂಬಿದರು. ಅಕ್ಕ ಹಂಚೊಂದನ್ನು ಸೀರೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಬೆಂಗಳೂರಿನ ಬಸ್ಸು ಹತ್ತುವಾಗಲೂ ಅವಳ ಮುಖ ನೀರೊಳಗಿನ ಓಣಿಯಲ್ಲಿ ನಡೆಯುವವಳ ಹಾಗೇ ಇತ್ತು. ಆಮೇಲೆ ನನ್ನ ನಸುಕುಗಳು ಬರಿದಾದವು. ಸಪ್ಪಳವಿಲ್ಲದೆ ಕನಸುಗಳೂ ನೆಟ್ಟಗೆ ಬೀಳುತ್ತಿರಲಿಲ್ಲ. ಅವಳು ಹೋದದ್ದಕ್ಕೆ ಸಂತೋಷವೂ ಆಗಿತ್ತು, ಸಿಟ್ಟೂ ಬಂದಿತ್ತು.

ಒಂದು ಮುಂಜಾನೆ ಅಮ್ಮನಿಗೆ ಅವಳ ಫೋನು ಬಂತು. ಹಿತ್ತಲಲ್ಲಿ ಹೊರಸಿನ ಮೇಲೆ ಕೂತು ಅಮ್ಮ ಸ್ಪೀಕರ್ ಹಾಕಿಕೊಂಡಿದ್ದಳು, ನಾನು ಒಳಗೆ ಚಹಾ ಸೋಸುತ್ತಿದ್ದೆ. ಅಲ್ಲಿ ಈಗ ಚಳಿಗಾಲವಂತೆ, ಜೋಳದ ಹಿಟ್ಟು ಸಿಗುತ್ತದಂತೆ, ಸಮುದ್ರ ಹಿನ್ನೀರಿಗಿಂತ ಭಾಳ ಗದ್ದಲ ಮಾಡುತ್ತದಂತೆ. ಹೇಳುತ್ತ ಹೇಳುತ್ತ ನಡುವೆ ಅಕ್ಕ ಮುಖ ಅತ್ತ ತಿರುಗಿಸಿದ್ದು ದನಿಯಲ್ಲೇ ತಿಳಿಯಿತು.

"ಅಮರೇಶ, ಆ ಕಿಡಕಿ ಹಾಕ್ರಿ, ಗಾಳಿ ಬರಾಕತ್ತೈತಿ."

ಅಂದು, ಏನೂ ಆಗದವಳಂತೆ ಮತ್ತೆ ಜೋಳದ ಹಿಟ್ಟಿನ ಮಾತಿಗೆ ಬಂದಳು. ಅಮ್ಮ ಹೂಂ ಹೂಂ ಅನ್ನುತ್ತ ಹೋದಳು. ಆಮೇಲೆ ಫೋನಿಟ್ಟಳು.

ನಾನು ಅವಳ ಪಕ್ಕ ಚಹಾದ ಕಪ್ಪು-ಬಸಿ ಇಟ್ಟು ಒಳಗೆ ಬಂದೆ. ಬಾಗಿಲು ದಾಟುವಾಗ ಹಿಂದಿನಿಂದ ಅಮ್ಮನ ದನಿ ಕೇಳಿತು. ಒಳಗಿದ್ದವರನ್ನು ಹೊರಗೆ ಕರೆಯುವಷ್ಟು ಸಹಜವಾಗಿ ಅಂದಳು.

"ಸುಭಾನಸಾಬ, ಚಾ ಆರಾಕತ್ತೈತ್ರಿ."

ಅಪ್ಪನ ಹೆಸರನ್ನು ಅಮ್ಮನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ತಿರುಗಿ ನೋಡಲಿಲ್ಲ. ಅವಳು ಇನ್ನೊಮ್ಮೆ ಕರೆಯಲಿ ಎಂದು ಬಾಗಿಲ ಹಿಂದೆ ನಿಂತೆ.